ಕತ್ತಲ ಜಾಗವನ್ನು ಹಗಲಿನಲ್ಲೇ ಹುಡುಕಿ: ರಾತ್ರಿ ಆಕಾಶದ ಫೋಟೊ ತೆಗೆಯುವವರಿಗೊಂದು ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಒಂದು ಅಮಾವಾಸ್ಯೆ ರಾತ್ರಿ, ಬಂಡೆಗಳ ಬಯಲೊಂದರಲ್ಲಿ ಆಕಾಶಗಂಗೆಯ ಫೋಟೊ ತೆಗೆಯುತ್ತಾ ನಿಂತಿದ್ದೆ. ಜಾಗ ಹೊಸದು. ತಲುಪಿದ್ದೇ ಕತ್ತಲಾದ ಮೇಲೆ. ಆಕಾಶ ಎಷ್ಟು ಚೆನ್ನಾಗಿತ್ತೆಂದರೆ ನೆಲದ ಕಡೆ ನೋಡಲೇ ಇಲ್ಲ. ಕ್ಯಾಮೆರಾ ಪರದೆ ನೋಡಿಕೊಂಡು ಹಿಂದೆ ಮುಂದೆ ಓಡಾಡಿದೆ. ಸಾಮಾನು ಕಟ್ಟುವ ಹೊತ್ತಿಗೆ ಬೆಳಕು ಹರಿಯಿತು. ಟ್ರೈಪಾಡ್ ನಿಲ್ಲಿಸಿದ್ದ ಕಡೆ ಮಣ್ಣಿನಲ್ಲಿ ಮೂರು ತೂತು. ಅಲ್ಲಿಂದ ಎರಡು ಹೆಜ್ಜೆ ಆಚೆಗೆ ನೆಲವೇ ಇರಲಿಲ್ಲ. ಹಳೆಯ ಕಲ್ಲುಗಣಿಯ ಹೊಂಡ, ಕೆಳಗೆ ಹಸಿರು ನೀರು. ನನ್ನ ಹೆಜ್ಜೆ ಗುರುತುಗಳು ಅದರ ಅಂಚಿನವರೆಗೆ ಹೋಗಿ ವಾಪಸ್ ಬಂದಿದ್ದವು.

ಅವತ್ತಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಹಗಲಿನಲ್ಲಿ ನೋಡದ ಜಾಗಕ್ಕೆ ರಾತ್ರಿ ಕ್ಯಾಮೆರಾ ಹೊತ್ತು ಹೋಗುವುದಿಲ್ಲ. ಕತ್ತಲು ಎಲ್ಲಿದೆ ಅಂತ ನಕ್ಷೆ ಹೇಳುತ್ತದೆ. ಅಲ್ಲಿ ನಾಲ್ಕೈದು ಗಂಟೆ ನಿಶ್ಚಿಂತೆಯಿಂದ ನಿಲ್ಲಬಹುದಾ ಅನ್ನುವುದನ್ನು ನಾವೇ ಹೋಗಿ ನೋಡಬೇಕು. ಅದನ್ನು ಹೇಗೆ ಮಾಡುವುದು ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಮನೆಯಲ್ಲೇ ಕೂತು ನಕ್ಷೆ ನೋಡಿ

ಬೆಳಕಿನ ಮಾಲಿನ್ಯದ, ಅಂದರೆ ಊರಿನ ದೀಪಗಳಿಂದ ರಾತ್ರಿ ಆಕಾಶ ಎಷ್ಟು ಬೆಳ್ಳಗಾಗಿದೆ ಅಂತ ತೋರಿಸುವ, ನಕ್ಷೆಗಳು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ. ದೊಡ್ಡ ನಗರಗಳು ಬಿಳಿ, ಕೆಂಪು ಬಣ್ಣದಲ್ಲಿರುತ್ತವೆ. ಹೊರಗೆ ಹೋದಂತೆ ಕಿತ್ತಳೆ, ಹಳದಿ, ಹಸಿರು, ನೀಲಿ, ಬೂದು ಬಣ್ಣ ಬರುತ್ತದೆ. ಕಪ್ಪು ಅಂದರೆ ನಿಜವಾದ ಕಗ್ಗತ್ತಲು. 2016ರಲ್ಲಿ ಪ್ರಕಟವಾದ ಜಾಗತಿಕ ಅಟ್ಲಾಸ್ ಪ್ರಕಾರ, ಭೂಮಿಯ ಮೇಲಿನ 80 ಶೇಕಡಕ್ಕೂ ಹೆಚ್ಚು ಜನ ಬೆಳಕಿನ ಮಾಲಿನ್ಯದ ಆಕಾಶದ ಕೆಳಗೆ ಬದುಕುತ್ತಿದ್ದಾರೆ. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ತಾವಿರುವಲ್ಲಿಂದ ಆಕಾಶಗಂಗೆ ಕಾಣುವುದೇ ಇಲ್ಲ. ಹಾಗಾಗಿ ಹೆಚ್ಚಿನವರು ಒಂದಿಷ್ಟು ದೂರ ಹೋಗಲೇಬೇಕು.

ಎಷ್ಟು ದೂರ? ಅಮೆರಿಕದ ಖಗೋಳ ವಿಜ್ಞಾನಿ ಮೆರ್ಲ್ ವಾಕರ್ 1970ರ ದಶಕದಲ್ಲಿ ಅಳತೆ ಮಾಡಿ ಒಂದು ಲೆಕ್ಕ ಕೊಟ್ಟರು. ಊರಿನಿಂದ ನಾವಿರುವ ದೂರ ಎರಡು ಪಟ್ಟಾದರೆ, ಆ ಊರಿನಿಂದ ಆಕಾಶಕ್ಕೆ ಬರುವ ಹೊಳಪು ಅರ್ಧಕ್ಕೆ ಇಳಿದು ನಿಲ್ಲುವುದಿಲ್ಲ, ಸುಮಾರು ಐದೂವರೆ ಪಟ್ಟು ಇಳಿಯುತ್ತದೆ. 20 ಕಿಲೋಮೀಟರ್ ಬದಲು 40 ಹೋದರೆ ಲಾಭ ಬಹಳ. 80ರ ಬದಲು 100 ಹೋದರೆ ಅಷ್ಟು ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ದಣಿವು ಮಾತ್ರ ಜಾಸ್ತಿ. ಜಾಗ ಆರಿಸುವಾಗ ಈ ಲೆಕ್ಕ ನನಗೆ ಬಹಳ ಉಪಯೋಗಕ್ಕೆ ಬಂದಿದೆ.

ನಕ್ಷೆಯನ್ನು ಪೂರ್ತಿ ನಂಬಬೇಡಿ. ಇವುಗಳಲ್ಲಿ ಹೆಚ್ಚಿನವು ಉಪಗ್ರಹದ ಮಾಹಿತಿಯಿಂದ ತಯಾರಾದವು. 2011ರಲ್ಲಿ ಹಾರಿಸಿದ ಸುವೋಮಿ ಎನ್‌ಪಿಪಿ ಅಂಥದ್ದೊಂದು ಉಪಗ್ರಹ. ಅದು ಒಂದು ಊರಿನ ಮೇಲೆ ಹಾದುಹೋಗುವುದು ರಾತ್ರಿ ಸುಮಾರು ಒಂದೂವರೆಗೆ. ಅಷ್ಟು ಹೊತ್ತಿಗೆ ಎಷ್ಟೋ ದೀಪ ಆರಿರುತ್ತವೆ. ಅದರ ಕಣ್ಣಿಗೆ ಬಿಳಿ ಎಲ್‌ಇಡಿ ದೀಪಗಳ ನೀಲಿ ಭಾಗ ಬೀಳುವುದೂ ಇಲ್ಲ. ಹೊಸ ಎಲ್‌ಇಡಿ ದೀಪ ಹಾಕಿದ ಊರು ನಕ್ಷೆಯಲ್ಲಿ ಇರುವುದಕ್ಕಿಂತ ಕತ್ತಲಾಗಿ ತೋರಬಹುದು.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಆಕಾಶ ಎಲ್ಲ ಕಡೆಯೂ ಕತ್ತಲಿರಬೇಕಾಗಿಲ್ಲ. ನೀವು ಕ್ಯಾಮೆರಾ ತಿರುಗಿಸುವ ದಿಕ್ಕು ಕತ್ತಲಿದ್ದರೆ ಸಾಕು. ಆಕಾಶಗಂಗೆಯ ನಡುಭಾಗ ಧನು ರಾಶಿಯ ಕಡೆ ಇದೆ. ಉತ್ತರ ಗೋಳಾರ್ಧದಲ್ಲಿ ಹೆಚ್ಚಿನವರಿಗೆ ಅದು ಏರಿ ನಿಲ್ಲುವುದು ದಕ್ಷಿಣಕ್ಕೆ. ಹಾಗಾದರೆ ನಗರದಿಂದ ದಕ್ಷಿಣಕ್ಕೆ ಹೋಗಿ. ನಗರದ ಬೆಳಕಿನ ಗುಮ್ಮಟ ಬೆನ್ನ ಹಿಂದೆ ಉಳಿಯುತ್ತದೆ. ಅದೇ 50 ಕಿಲೋಮೀಟರ್ ಉತ್ತರಕ್ಕೆ ಹೋದಿರೋ, ಆಕಾಶಗಂಗೆಯ ಬುಡದಲ್ಲೇ ಕಿತ್ತಳೆ ಹೊಳಪು ಬಂದು ಕೂರುತ್ತದೆ. ಧ್ರುವ ನಕ್ಷತ್ರದ ಸುತ್ತ ನಕ್ಷತ್ರಗಳು ಬರೆಯುವ ವೃತ್ತ ಬೇಕಿದ್ದರೆ ಲೆಕ್ಕ ತಿರುಗುಮುರುಗು, ಉತ್ತರ ಕತ್ತಲಿರಬೇಕು.

ಹೆಜ್ಜೆ 2: ನಿಮಗೆ ಎಷ್ಟು ಕತ್ತಲು ಬೇಕು ಅಂತ ತೀರ್ಮಾನಿಸಿ

ಕತ್ತಲನ್ನು ಅಳೆಯಲು ಬಾರ್ಟಲ್ ಮಾಪಕ ಅಂತ ಒಂದಿದೆ. ಹವ್ಯಾಸಿ ಖಗೋಳ ವೀಕ್ಷಕ ಜಾನ್ ಬಾರ್ಟಲ್ 2001ರಲ್ಲಿ ಇದನ್ನು ರೂಪಿಸಿದರು. 1ರಿಂದ 9ರವರೆಗೆ ದರ್ಜೆಗಳಿವೆ. 9 ಅಂದರೆ ದೊಡ್ಡ ನಗರದ ನಡುಮಧ್ಯ. 1 ಅಂದರೆ ಮನುಷ್ಯರ ಬೆಳಕೇ ಸೋಕದ ಆಕಾಶ.

ಎಲ್ಲರಿಗೂ 1 ಬೇಕು ಅನ್ನಿಸುತ್ತದೆ. ಆದರೆ 4ನೇ ದರ್ಜೆಯಲ್ಲೇ ಆಕಾಶಗಂಗೆ ಬರಿಗಣ್ಣಿಗೆ ಕಾಣುತ್ತದೆ, ಫೋಟೊದಲ್ಲಿ ಇನ್ನೂ ಚೆನ್ನಾಗಿ ಬರುತ್ತದೆ. 3 ಸಿಕ್ಕರೆ ಅದರೊಳಗಿನ ಕಪ್ಪು ಪಟ್ಟಿಗಳೂ ಬಿಡಿಸಿಕೊಂಡು ಕಾಣುತ್ತವೆ. ಚಂದ್ರನ ಫೋಟೊ ಅಥವಾ ಹೊಳೆಯುವ ಗ್ರಹಗಳ ಫೋಟೊ ತೆಗೆಯಲು ಊರಿನ ಮಹಡಿಯೇ ಸಾಕು. ನಕ್ಷತ್ರಗಳ ಜಾಡು ಹಿಡಿಯಲು 5ನೇ ದರ್ಜೆಯೂ ನಡೆಯುತ್ತದೆ.

ಮನುಷ್ಯರ ಸುಳಿವೇ ಇಲ್ಲದ, ರಸ್ತೆ ಸರಿಯಿಲ್ಲದ 2ನೇ ದರ್ಜೆಯ ಜಾಗಕ್ಕಿಂತ, ಒಂದು ಕಿಲೋಮೀಟರಿನಲ್ಲಿ ಮನೆಯಿರುವ 4ನೇ ದರ್ಜೆಯ ಜಾಗವನ್ನೇ ನಾನು ಯಾವತ್ತೂ ಆರಿಸಿಕೊಳ್ಳುತ್ತೇನೆ. ಹೆದರಿಕೊಂಡು ನಿಂತವರು ಒಳ್ಳೆಯ ಫೋಟೊ ತೆಗೆಯುವುದು ಕಷ್ಟ. ಪ್ರತಿ ಸದ್ದಿಗೂ ಬೆಚ್ಚಿ ಟಾರ್ಚ್ ಹಾಕುತ್ತಾರೆ, ಆ ಫೋಟೊ ಅಲ್ಲಿಗೆ ಹೋಯಿತು.

ಹೆಜ್ಜೆ 3: ನಾಲ್ಕೈದು ಜಾಗಗಳ ಪಟ್ಟಿ ಮಾಡಿ

ಈಗ ಉಪಗ್ರಹ ಚಿತ್ರ ತೆರೆದು ಆ ಪ್ರದೇಶವನ್ನು ಹತ್ತಿರದಿಂದ ನೋಡಿ. ಬಯಲು, ಹುಲ್ಲುಗಾವಲು, ಎತ್ತರದ ಸಮತಟ್ಟು ನೆಲ, ಕೆರೆ ಅಥವಾ ಸರೋವರದ ದಡ ಇವೆಲ್ಲ ಒಳ್ಳೆಯವೇ. ಕಾರು ನಿಲ್ಲಿಸುವ ಜಾಗ ಮುಖ್ಯರಸ್ತೆಯಿಂದ ಸ್ವಲ್ಪ ಒಳಗಿರಲಿ. ರಸ್ತೆ ತಿರುವಿನ ಎದುರು ಮಾತ್ರ ಬೇಡ. ಪ್ರತಿ ಗಾಡಿಯ ಹೆಡ್‌ಲೈಟೂ ನೇರವಾಗಿ ನಿಮ್ಮ ಲೆನ್ಸಿಗೆ ಬಡಿಯುತ್ತದೆ.

ಕಣಿವೆಯ ತಳ ಬೇಡ. ರಾತ್ರಿ ತಣ್ಣನೆ ಗಾಳಿ ಕೆಳಗಿಳಿದು ಅಲ್ಲೇ ಮಂಜು ಕಟ್ಟುತ್ತದೆ. ಸ್ವಲ್ಪ ಮೇಲಿದ್ದರೆ ಎಷ್ಟೋ ಸಲ ಮಂಜು ಕೆಳಗುಳಿದು, ಕಣಿವೆಯ ಊರುಗಳ ದೀಪಗಳನ್ನೂ ಮುಚ್ಚಿಬಿಡುತ್ತದೆ. ಅಂಥ ರಾತ್ರಿ ಸಿಕ್ಕರೆ ಅದೃಷ್ಟ.

ಪಟ್ಟಿಗೆ ಸೇರಿಸಲೇಬಾರದ ಜಾಗಗಳೂ ಇವೆ. ಅಣೆಕಟ್ಟಿನ ಕೆಳಗಿನ ನದೀಪಾತ್ರ: ಯಾವ ಹೊತ್ತಿಗೆ ನೀರು ಬಿಡುತ್ತಾರೋ ಗೊತ್ತಿರುವುದಿಲ್ಲ. ರೈಲು ಹಳಿಯ ಪಕ್ಕ. ಕಲ್ಲುಗಣಿ. ಕಡಿದಾದ ಬಂಡೆಯ ಅಂಚು. ಸಮುದ್ರದ ದಡಕ್ಕೆ ಹೋಗುವುದಾದರೆ ಉಬ್ಬರದ ಸಮಯ ನೋಡಿಕೊಂಡೇ ಹೋಗಿ. ಇಳಿತದಿಂದ ಉಬ್ಬರಕ್ಕೆ ಸಾಮಾನ್ಯವಾಗಿ ಆರು ಗಂಟೆ ಚಿಲ್ಲರೆ. ನೀವು ನಡೆದು ಬಂದ ದಾರಿ ನೀವು ಫೋಟೊ ತೆಗೆದು ಮುಗಿಸುವಷ್ಟರಲ್ಲಿ ನೀರಿನಡಿ ಹೋಗಿರಬಹುದು. ಆಮೆಗಳು ಮೊಟ್ಟೆಯಿಡುವ ದಡವಾದರೆ ಆ ದಿನಗಳಲ್ಲಿ ಹೋಗಲೇಬೇಡಿ. ನಮ್ಮ ಟಾರ್ಚಿನ ಬೆಳಕಿಗೆ ಮರಿಗಳು ಸಮುದ್ರದ ದಾರಿ ತಪ್ಪುತ್ತವೆ.

ಮೊದಲ ಸಲ ಹೋಗುವವರಿಗೆ ಇನ್ನೊಂದು ಸುಲಭ ದಾರಿಯಿದೆ. ಕತ್ತಲನ್ನು ಕಾಪಾಡಲೆಂದೇ ಗುರುತಿಸಿದ ಪ್ರದೇಶಗಳು ಜಗತ್ತಿನಲ್ಲಿ 200ಕ್ಕೂ ಹೆಚ್ಚಿವೆ. 1988ರಲ್ಲಿ ಶುರುವಾದ, ಈಗ ಡಾರ್ಕ್‌ಸ್ಕೈ ಇಂಟರ್‌ನ್ಯಾಷನಲ್ ಅಂತ ಕರೆಸಿಕೊಳ್ಳುವ ಸಂಸ್ಥೆ ಇವುಗಳಿಗೆ ಮಾನ್ಯತೆ ಕೊಡುತ್ತದೆ. ಅಮೆರಿಕದ ನ್ಯಾಚುರಲ್ ಬ್ರಿಡ್ಜಸ್ 2007ರಲ್ಲಿ ಇಂಥ ಮೊದಲ ಉದ್ಯಾನವಾಯಿತು. ನ್ಯೂಜಿಲೆಂಡಿನ ಆವೊರಾಕಿ ಮೆಕೆಂಝಿ, ನಮೀಬಿಯಾದ ನಮೀಬ್‌ರಾಂಡ್ 2012ರಲ್ಲಿ ಸೇರಿದವು. ಹತ್ತಿರದಲ್ಲಿ ಅಂಥದ್ದಿಲ್ಲದಿದ್ದರೆ ನಿಮ್ಮ ಕಡೆಯ ಹವ್ಯಾಸಿ ಖಗೋಳ ಸಂಘವನ್ನು ಕೇಳಿ. ಅವರು ವರ್ಷಗಟ್ಟಲೆ ಹೋಗಿ ಬಂದ ಜಾಗಗಳಿರುತ್ತವೆ. ಒಂದೆರಡು ಸಲ ಅವರ ಜೊತೆ ಹೋದರೆ ಹತ್ತು ಲೇಖನ ಓದುವುದಕ್ಕಿಂತ ಜಾಸ್ತಿ ಕಲಿಯುತ್ತೀರಿ.

ಹೆಜ್ಜೆ 4: ಯಾರ ಜಾಗ, ಕೇಳಿ

ಖಾಸಗಿ ಜಮೀನಾದರೆ ಮಾಲೀಕರನ್ನು ಕೇಳಿ. ಕಾಡಾದರೆ ರಾತ್ರಿ ಒಳಗೆ ಬಿಡುತ್ತಾರಾ ಅಂತ ಮೊದಲೇ ವಿಚಾರಿಸಿ, ಬಹಳ ಕಡೆ ಬಿಡುವುದಿಲ್ಲ. ಗೇಟಿದ್ದರೆ ರಾತ್ರಿ ಎಷ್ಟು ಹೊತ್ತಿಗೆ ಬೀಗ ಹಾಕುತ್ತಾರೆ ಅನ್ನುವುದನ್ನೂ ಕೇಳಿಕೊಳ್ಳಿ. ತೆರೆದ ಗೇಟು ದಾಟಿ ಒಳಗೆ ಹೋಗಿ, ವಾಪಸ್ ಬರುವಾಗ ಬೀಗ ನೋಡಿ ಬೆಳಗಿನವರೆಗೆ ಕಾದವರನ್ನು ನಾನು ಕಂಡಿದ್ದೇನೆ.

ಕೇಳುವುದರಿಂದ ಇನ್ನೊಂದು ಲಾಭವಿದೆ. ನಡುರಾತ್ರಿ ಬಯಲಲ್ಲಿ ಮಿಣುಕು ಬೆಳಕು ಕಂಡರೆ ಅಕ್ಕಪಕ್ಕದವರಿಗೆ ಅನುಮಾನ ಬರುವುದು ಸಹಜ ಅಲ್ವಾ? ಹಗಲೇ ಹೋಗಿ ಹತ್ತಿರದ ಮನೆಯವರಿಗೆ ಹೇಳಿ. ಕ್ಯಾಮೆರಾದಲ್ಲಿ ಹಳೆಯದೊಂದು ನಕ್ಷತ್ರದ ಫೋಟೊ ತೋರಿಸಿ. ಅಲ್ಲಿನ ಹಾವು, ನಾಯಿ, ಕೆಸರು, ಕುಡುಕರ ಕಾಟ, ಎಲ್ಲದರ ಮಾಹಿತಿ ಅವರಿಂದ ತಾನಾಗೇ ಬರುತ್ತದೆ.

ಹೆಜ್ಜೆ 5: ಹಗಲಿನಲ್ಲಿ ಹೋಗಿ ನಡೆದು ನೋಡಿ

ಇದನ್ನು ಬಿಡಲೇಬಾರದು. ಕಾರಿನ ಕಿಟಕಿಯಿಂದ ನೋಡಿ ಬಂದರೆ ಆಗುವುದಿಲ್ಲ.

ಮೊದಲು ಗಾಡಿಯನ್ನು ರಾತ್ರಿ ನಿಲ್ಲಿಸುವ ಕಡೆಯೇ ನಿಲ್ಲಿಸಿ, ಅಲ್ಲೇ ತಿರುಗಿಸಿ ನೋಡಿ. ತಿರುಗಿಸಲು ಜಾಗವಿದೆಯಾ? ಮಣ್ಣು ಗಟ್ಟಿಯಿದೆಯಾ? ಒಂದು ಮಳೆ ಬಂದರೆ ಚಕ್ರ ಹೂತು ಹೋಗುತ್ತದಾ?

ಆಮೇಲೆ ಅಲ್ಲಿಂದ ಟ್ರೈಪಾಡ್ ಇಡುವ ಕಡೆಗೆ ನಡೆಯಿರಿ, ಹೆಜ್ಜೆ ಎಣಿಸಿಕೊಂಡು. ದಾರಿಯಲ್ಲಿ ತಂತಿಬೇಲಿ, ಹೊಂಡ, ಸಡಿಲ ಕಲ್ಲು, ಬಿಲ, ಎತ್ತರದ ಹುಲ್ಲು ಏನೇನಿದೆ ನೋಡಿ. ರಾತ್ರಿ ಕಾಲಿಗೆ ಸಿಗುವುದೆಲ್ಲ ಹಗಲಿನಲ್ಲಿ ಕಣ್ಣಿಗೆ ಸಿಗುತ್ತದೆ. ಟ್ರೈಪಾಡ್ ಜಾಗ ಸಿಕ್ಕ ಮೇಲೆ ಅದನ್ನು ನಡುವಿಟ್ಟುಕೊಂಡು ಮೂವತ್ತು ಹೆಜ್ಜೆ ದೂರದಲ್ಲಿ ಒಂದು ಸುತ್ತು ಬನ್ನಿ. ನಾನು ಅವತ್ತು ಈ ಒಂದು ಸುತ್ತು ಹಾಕಿದ್ದರೆ ಸಾಕಿತ್ತು.

ನೆಲವನ್ನು ಓದಿ. ಲದ್ದಿ, ಹೆಜ್ಜೆ ಗುರುತು, ಹುಲ್ಲು ತುಳಿದು ಆದ ಕಿರುದಾರಿ ನೀರಿನ ಕಡೆ ಹೋಗುತ್ತಿದ್ದರೆ, ಅದು ಪ್ರಾಣಿಗಳು ನೀರು ಕುಡಿಯಲು ಬರುವ ದಾರಿ. ನೀರಿನಲ್ಲಿ ನಕ್ಷತ್ರಗಳ ಪ್ರತಿಬಿಂಬ ಎಷ್ಟೇ ಚೆಂದ ಬರಲಿ, ಆ ದಾರಿಯ ಮೇಲೆ ನಿಲ್ಲಬೇಡಿ. ಬಂಡೆಯ ಚಾಚಿನ ಕೆಳಗೆ ಹೆಜ್ಜೇನಿದೆಯಾ ನೋಡಿ. ಒಡೆದ ಬಾಟಲಿ, ಬೂದಿ, ಸಿಗರೇಟ್ ತುಂಡು ರಾಶಿಯಾಗಿ ಬಿದ್ದಿದ್ದರೆ ರಾತ್ರಿ ಅಲ್ಲಿ ಬೇರೆ ಗುಂಪು ಸೇರುತ್ತದೆ ಅಂತ ಅರ್ಥ. ಅಂಥ ಜಾಗವನ್ನು ನಾನು ಎರಡನೇ ಯೋಚನೆ ಮಾಡದೆ ಬಿಟ್ಟುಬಿಡುತ್ತೇನೆ.

ಈಗ ತಲೆ ಎತ್ತಿ ಕಂಬಗಳನ್ನು ಹುಡುಕಿ. ಹಗಲಿನಲ್ಲಿ ಕಣ್ಣಿಗೆ ಬೀಳದ ಒಂದು ಬಲ್ಬು ರಾತ್ರಿಯ ಅರ್ಧ ಆಕಾಶ ಹಾಳು ಮಾಡುತ್ತದೆ. ಪಂಪ್‌ಹೌಸ್, ಗೋದಾಮು, ಮೊಬೈಲ್ ಟವರ್, ಗಾಳಿಯಂತ್ರ ಇವೆಲ್ಲ ಯಾವ ದಿಕ್ಕಿಗಿವೆ ಬರೆದುಕೊಳ್ಳಿ. ಫೋನಿನ ದಿಕ್ಸೂಚಿ ತೆರೆದು ದಕ್ಷಿಣ ಎಲ್ಲಿ ಬರುತ್ತದೆ, ಆ ಕಡೆ ಮರ ಗುಡ್ಡ ಎಷ್ಟು ಎತ್ತರಕ್ಕಿದೆ ನೋಡಿ. ಸ್ಟೆಲೇರಿಯಂ ಅಥವಾ ಫೋಟೊಪಿಲ್ಸ್ ಆಪ್ ಇದ್ದರೆ, ನೀವು ಬರಬೇಕೆಂದಿರುವ ತಾರೀಕು ಹಾಕಿದರೆ ಆಕಾಶಗಂಗೆ ಎಷ್ಟು ಹೊತ್ತಿಗೆ ಎಲ್ಲಿರುತ್ತದೆ ಅಂತ ಅಲ್ಲೇ ತಿಳಿಯುತ್ತದೆ.

ಕೊನೆಗೆ ಫೋನ್ ಸಿಗ್ನಲ್. ಎಲ್ಲಿಯವರೆಗೆ ಇತ್ತು, ಎಲ್ಲಿ ಹೋಯಿತು? ಕೊನೆಯದಾಗಿ ಸಿಗ್ನಲ್ ಸಿಕ್ಕ ಜಾಗವನ್ನು ಗುರುತು ಮಾಡಿ. ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ. ತುರ್ತು ಕರೆಗೆ ಹಲವು ದೇಶಗಳಲ್ಲಿ 112 ಇದೆ. ನೀವು ಹೋಗುವ ಕಡೆಯ ಸಂಖ್ಯೆ ಯಾವುದು ನೋಡಿಟ್ಟುಕೊಳ್ಳಿ.

ಹೆಜ್ಜೆ 6: ಒಂದು ಗಂಟೆಯ ರಾತ್ರಿ ಪರೀಕ್ಷೆ

ಹಗಲಿನ ಪರೀಕ್ಷೆ ಪಾಸಾದ ಜಾಗಕ್ಕೆ ಒಂದು ರಾತ್ರಿ ಸುಮ್ನೆ ಹೋಗಿ ಬನ್ನಿ, ಜೊತೆಗೊಬ್ಬರನ್ನು ಕರೆದುಕೊಂಡು. ಎಲ್ಲ ದೀಪ ಆರಿಸಿ, ಫೋನ್ ಜೇಬಿಗೆ ಹಾಕಿ, ಕೂತುಬಿಡಿ. ಕಣ್ಣು ಕತ್ತಲಿಗೆ ಒಗ್ಗಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ಫೋನ್ ಪರದೆ ನೋಡಿದರೆ ಮತ್ತೆ ಮೊದಲಿನಿಂದ ಶುರು.

ಮೊದಲ ಐದು ನಿಮಿಷ ಗವ್ವೆನ್ನುವ ಕತ್ತಲು. ಆಮೇಲೆ ನಿಮ್ಮ ಕೈ ಮಸುಕಾಗಿ ಕಾಣುತ್ತದೆ. ಹತ್ತು ನಿಮಿಷಕ್ಕೆ ಕಾಲುದಾರಿ ಬೆಳ್ಳಗೆ ಬಿಡಿಸಿಕೊಳ್ಳುತ್ತದೆ. ಅರ್ಧ ಗಂಟೆಗೆ, ಇಲ್ಲಿ ನಕ್ಷತ್ರಗಳೇ ಇಲ್ಲ ಅಂದುಕೊಂಡಿದ್ದ ಕಡೆಯೂ ಪುಡಿ ಚೆಲ್ಲಿದಂತೆ ನಕ್ಷತ್ರಗಳು. ಈ ಅರ್ಧ ಗಂಟೆಯನ್ನು ನಾನು ಯಾವತ್ತೂ ಕಡಿಮೆ ಮಾಡುವುದಿಲ್ಲ. ಫೋಟೊ ಸಿಗದ ರಾತ್ರಿಯೂ ಇದೊಂದು ಸಿಗುತ್ತದೆ.

ಈಗ ಕತ್ತಲನ್ನು ಅಳೆಯಿರಿ. ಉತ್ತರ ಗೋಳಾರ್ಧದಲ್ಲಿದ್ದರೆ ಧ್ರುವ ನಕ್ಷತ್ರ ಇರುವ ಲಘು ಸಪ್ತರ್ಷಿಯ ಏಳೂ ನಕ್ಷತ್ರ ಎಣಿಸಲು ನೋಡಿ. ನಗರದಲ್ಲಿ ಎರಡು ಮೂರು ಸಿಕ್ಕರೆ ಹೆಚ್ಚು. ಏಳೂ ಸುಲಭವಾಗಿ ಕಂಡರೆ ಜಾಗ ಪರವಾಗಿಲ್ಲ. ಮೋಡದ ತುಣುಕಿದ್ದರೆ ಇನ್ನೂ ಒಳ್ಳೆಯ ಪರೀಕ್ಷೆ. ಬೆಳಕಿರುವ ಕಡೆ ಮೋಡ ಆಕಾಶಕ್ಕಿಂತ ಬೆಳ್ಳಗೆ ಹೊಳೆಯುತ್ತದೆ. ನಿಜವಾದ ಕತ್ತಲಲ್ಲಿ ಮೋಡ ಕಪ್ಪು. ನಕ್ಷತ್ರಗಳ ನಡುವೆ ಯಾರೋ ತೂತು ಕೊರೆದ ಹಾಗೆ ಕಾಣುತ್ತದೆ.

ಕ್ಯಾಮೆರಾ ಇದ್ದರೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200, ಎಫ್ (ಲೆನ್ಸ್ ಎಷ್ಟು ತೆರೆದಿದೆ ಅನ್ನುವ ಅಳತೆ) 2.8, 20 ಸೆಕೆಂಡ್ ಇಟ್ಟು ನಾಲ್ಕು ದಿಕ್ಕಿಗೂ ಒಂದೊಂದು ಫೋಟೊ ತೆಗೆಯಿರಿ. ಯಾವ ದಿಕ್ಕು ಕಿತ್ತಳೆ, ಯಾವುದು ಕಪ್ಪು ಅಂತ ಕಣ್ಣಿಗಿಂತ ಅದು ಚೆನ್ನಾಗಿ ಹೇಳುತ್ತದೆ.

ಅದರ ಜೊತೆ ನಿಮ್ಮ ಮನಸ್ಸನ್ನೂ ಕೇಳಿ. ಆ ಒಂದು ಗಂಟೆಯಲ್ಲಿ ಎಷ್ಟು ಗಾಡಿ ಬಂದವು? ಯಾರಾದರೂ ನಿಧಾನ ಮಾಡಿ ನೋಡಿ ಹೋದರಾ? ಏನೋ ಸರಿಯಿಲ್ಲ ಅನ್ನಿಸಿದರೆ ಕಾರಣ ಹುಡುಕುತ್ತಾ ಕೂರಬೇಡಿ. ಪಟ್ಟಿಯಲ್ಲಿ ಇನ್ನೂ ಮೂರು ಜಾಗ ಇವೆಯಲ್ಲ.

ಹೆಜ್ಜೆ 7: ದಿನ ಗೊತ್ತುಮಾಡಿ

ಅಮಾವಾಸ್ಯೆಯ ಆಸುಪಾಸಿನ ನಾಲ್ಕೈದು ದಿನ ಎಲ್ಲಕ್ಕಿಂತ ಒಳ್ಳೆಯದು. ಹಾಗಂತ ಉಳಿದ ದಿನಗಳು ವ್ಯರ್ಥವಲ್ಲ. ಹುಣ್ಣಿಮೆಗೆ ಮುಂಚಿನ ಅರ್ಧಚಂದ್ರ ನಡುರಾತ್ರಿ ಹೊತ್ತಿಗೆ ಮುಳುಗುತ್ತಾನೆ, ನಂತರದವನು ನಡುರಾತ್ರಿ ಹೊತ್ತಿಗೆ ಏಳುತ್ತಾನೆ. ಅರ್ಧಚಂದ್ರನ ಬೆಳಕು ಹುಣ್ಣಿಮೆಯ ಅರ್ಧದಷ್ಟಿರುತ್ತದೆ ಅಂದುಕೊಳ್ಳುತ್ತೇವೆ, ನಿಜಕ್ಕೂ ಅದು ಹತ್ತರಲ್ಲಿ ಒಂದರಷ್ಟು. ಹೊಸ ಜಾಗದಲ್ಲಿ ಮೊದಲ ಸಲ ನಿಲ್ಲುವವರಿಗೆ ಆ ಬೆಳಕು ಆಸರೆ. ಮುಂದಿನ ನೆಲ, ಬಂಡೆ, ಮರಗಳೂ ಫೋಟೊದಲ್ಲಿ ಚೆನ್ನಾಗಿ ಬರುತ್ತವೆ.

ಸೂರ್ಯ ಮುಳುಗಿದ ತಕ್ಷಣ ಕತ್ತಲಾಗುವುದಿಲ್ಲ. ಅವನು ದಿಗಂತದಿಂದ 18 ಡಿಗ್ರಿ ಕೆಳಗಿಳಿದ ಮೇಲೇ ಆಕಾಶ ಪೂರ್ತಿ ಕಪ್ಪಾಗುವುದು. ಸಮಭಾಜಕದ ಹತ್ತಿರ ಇದಕ್ಕೆ ಒಂದು ಗಂಟೆ ಕಾಲು ಸಾಕು. ಧ್ರುವಗಳ ಕಡೆಗೆ ಹೋದಷ್ಟೂ ಹೊತ್ತು ಹೆಚ್ಚು. ಲಂಡನ್ನಿನಷ್ಟು ಉತ್ತರದಲ್ಲಿ ನಡುಬೇಸಿಗೆಯ ರಾತ್ರಿಗಳು ಪೂರ್ತಿ ಕತ್ತಲಾಗುವುದೇ ಇಲ್ಲ. ಉತ್ತರ ಗೋಳಾರ್ಧದಲ್ಲಿ ಆಕಾಶಗಂಗೆಯ ನಡುಭಾಗ ಮಾರ್ಚ್‌ನಲ್ಲಿ ಬೆಳಗಿನ ಜಾವ, ಜೂನ್‌ನಲ್ಲಿ ರಾತ್ರಿಯ ಹೆಚ್ಚಿನ ಹೊತ್ತು, ಸೆಪ್ಟೆಂಬರ್‌ನಲ್ಲಿ ಸಂಜೆ ಕಾಣುತ್ತದೆ. ಮೋಡದ ಮುನ್ಸೂಚನೆಯನ್ನು ಹೊರಡುವ ದಿನವೇ ಇನ್ನೊಮ್ಮೆ ನೋಡಿ.

ಹೆಜ್ಜೆ 8: ಹೋಗುವ ರಾತ್ರಿ

ಬೆಳಕಿರುವಾಗಲೇ ತಲುಪಿ. ಗಾಡಿಯ ಮುಖ ರಸ್ತೆಯ ಕಡೆಗಿರಲಿ. ಕೀ ಯಾವಾಗಲೂ ಒಂದೇ ಜೇಬಿನಲ್ಲಿರಲಿ. ಬಾಗಿಲು ತೆರೆದಾಗ ಹೊತ್ತುವ ಒಳಗಿನ ದೀಪವನ್ನು ಮೊದಲೇ ಆರಿಸಿಡಿ, ಇಲ್ಲದಿದ್ದರೆ ಒಂದು ಬ್ಯಾಟರಿ ತರಲು ಹೋದಾಗ ಎಲ್ಲರ ಕಣ್ಣೂ ಕೆಡುತ್ತದೆ. ತಲೆಗೆ ಕಟ್ಟುವ ಕೆಂಪು ಬೆಳಕಿನ ಟಾರ್ಚ್ ಇರಲಿ. ಮಂದ ಬೆಳಕಿಗೆ ಸ್ಪಂದಿಸುವ ಕಣ್ಣಿನ ಕೋಶಗಳು ಕೆಂಪಿಗೆ ಅಷ್ಟಾಗಿ ಕದಲುವುದಿಲ್ಲ, ಕತ್ತಲಿನ ಅಭ್ಯಾಸ ಉಳಿಯುತ್ತದೆ. ಆದರೆ ನಡೆಯುವಾಗ ಮಾತ್ರ ಬಿಳಿ ಬೆಳಕೇ ಬಳಸಿ. ಕೆಂಪು ಬೆಳಕಿನಲ್ಲಿ ಹಾವಿಗೂ ಕಡ್ಡಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಗಟ್ಟಿ ಬೂಟು, ಬೆಚ್ಚನೆಯ ಒಂದು ಬಟ್ಟೆ, ನೀರು, ಪ್ರಥಮ ಚಿಕಿತ್ಸೆಯ ಡಬ್ಬಿ ಇರಲಿ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ಲೆನ್ಸಿಗೂ ಇಬ್ಬನಿ ಕೂರುತ್ತದೆ, ಆಗಾಗ ನೋಡಿ ಒರೆಸಿ.

ಹೊರಡುವ ಮುಂಚೆ ಮನೆಯವರಿಗೆ ಒಂದು ಸಂದೇಶ ಕಳಿಸಿ. ಜಾಗದ ಗುರುತು, ಗಾಡಿಯ ನಂಬರು, ಜೊತೆಗೆ ಯಾರಿದ್ದಾರೆ, ಎಷ್ಟು ಹೊತ್ತಿಗೆ ವಾಪಸ್. ಕೊನೆಯ ಸಾಲು ಬಹಳ ಮುಖ್ಯ: 'ಇಷ್ಟು ಹೊತ್ತಿಗೆ ನನ್ನಿಂದ ಸುದ್ದಿ ಬರದಿದ್ದರೆ ಇವರಿಗೆ ಫೋನ್ ಮಾಡಿ.' ಬೇಗ ಬರ್ತೀನಿ ಅಂದರೆ ಮನೆಯವರಿಗೆ ಯಾವಾಗ ಗಾಬರಿಯಾಗಬೇಕು ಅಂತಲೇ ಗೊತ್ತಾಗುವುದಿಲ್ಲ.

ಅಪರಿಚಿತ ಗಾಡಿ ಬಂದು ನಿಂತರೆ ಕತ್ತಲಲ್ಲಿ ಅಡಗಬೇಡಿ. ಟಾರ್ಚ್ ಹಾಕಿ, ನೀವೇ ಮೊದಲು ಮಾತಾಡಿಸಿ, ಏನು ಮಾಡುತ್ತಿದ್ದೀರಿ ಹೇಳಿ. ಹೆಚ್ಚಿನವರು ಕುತೂಹಲದಿಂದ ಬಂದವರೇ. ಹಾಗಲ್ಲ ಅನ್ನಿಸಿದರೆ ಟ್ರೈಪಾಡ್ ಬಿಟ್ಟಾದರೂ ಸರಿ, ಗಾಡಿ ಹತ್ತಿ ಹೊರಡಿ. ಒಬ್ಬರೇ ಹೋಗಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ಅಪಾಯ ಇರುವುದು ವಾಪಸ್ ಬರುವ ದಾರಿಯಲ್ಲಿ. ಬೆಳಗಿನ ಮೂರು ನಾಲ್ಕು ಗಂಟೆಗೆ, ಫೋಟೊ ಸಿಕ್ಕಿದ ಖುಷಿಯಲ್ಲಿ ನಿದ್ದೆ ಬಂದಿರುವುದೇ ತಿಳಿಯುವುದಿಲ್ಲ. ಹೋಗುವ ದಿನ ಮಧ್ಯಾಹ್ನ ಎರಡು ಗಂಟೆ ಮಲಗಿ. ಕಣ್ಣು ಎಳೆಯುತ್ತಿದ್ದರೆ ಸುರಕ್ಷಿತ ಕಡೆ ಗಾಡಿ ನಿಲ್ಲಿಸಿ ನಿದ್ದೆ ಮಾಡಿ, ಬೆಳಕಾದ ಮೇಲೆ ಹೊರಡಿ. ತಡವಾಗುತ್ತದೆ ಅಂತ ಮನೆಗೆ ತಿಳಿಸಿದರೆ ಆಯಿತು.

ಹೆಜ್ಜೆ 9: ಬರೆದಿಡಿ

ಪ್ರತಿ ಜಾಗಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಕೊಡಿ. ತಾರೀಕು, ಯಾವ ದಿಕ್ಕು ಕತ್ತಲು, ಎಲ್ಲಿ ಗಾಡಿ ನಿಲ್ಲಿಸಿದ್ದು, ಯಾರನ್ನು ಕೇಳಿದ್ದು, ಏನು ತೊಂದರೆ. ದೀಪಗಳು ವರ್ಷ ವರ್ಷ ಹೆಚ್ಚುತ್ತವೆ, ಬೇಲಿಗಳು ಏಳುತ್ತವೆ, ಆರು ತಿಂಗಳು ಹೋಗದಿದ್ದರೆ ಮತ್ತೆ ಒಂದು ಹಗಲಿನ ಭೇಟಿ ಆಗಲೇಬೇಕು.

ಆ ಕಲ್ಲುಗಣಿಯ ಬಯಲಿಗೆ ನಾನು ಆಮೇಲೆ ಹಗಲಿನಲ್ಲಿ ಹೋಗಿ ಪೂರ್ತಿ ನಡೆದು ನೋಡಿದೆ. ಹೊಂಡದಿಂದ ಬಹಳ ದೂರದಲ್ಲಿ, ಗಾಡಿ ನಿಲ್ಲಿಸುವ ಕಡೆಯೇ ಒಂದು ಚಪ್ಪಟೆ ಬಂಡೆಯಿದೆ. ಅಲ್ಲಿಂದ ದಕ್ಷಿಣ ಪೂರ್ತಿ ತೆರೆದಿದೆ. ನನ್ನ ಒಳ್ಳೆಯ ಫೋಟೊಗಳೆಲ್ಲ ಅಲ್ಲಿಂದಲೇ ಬಂದವು. ನೋಟ್‌ಬುಕ್ಕಿನ ಆ ಪುಟದಲ್ಲಿ ಹೀಗೆ ಬರೆದಿದೆ: 'ಗಾಡಿಯಿಂದ ಪೂರ್ವಕ್ಕೆ ನಲವತ್ತು ಹೆಜ್ಜೆ, ಚಪ್ಪಟೆ ಬಂಡೆ. ಪಶ್ಚಿಮಕ್ಕೆ ಕಾಲಿಡಬೇಡ.'